ಕೇಳದೆ ಸರಿಸಿದ ಮೇಜುಗಳು

ಭಾನುವಾರ, 9 ಮಾರ್ಚ್
ಬೆಳಿಗ್ಗೆ

ಪ್ರೀತಿಯ ಗುಬ್ಬಿ,

ನೀನೂ ನಿನ್ನ ಯಜಮಾನರೂ ಚೆನ್ನಾಗಿದ್ದೀರಿ ಎಂದು ನಂಬಿ ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಏಳು ವಾರವಾಗುತ್ತಾ ಬಂತು. ಅದು ಊಟದ ಮೇಜಿನ ಮೇಲೆ, ಕನ್ನಡಕದ ಡಬ್ಬಿಯ ಕೆಳಗೇ ಇದೆ. ದಿನಾ ಕನ್ನಡಕ ತೆಗೆಯುವಾಗ ಕಾಣುತ್ತದೆ, ದಿನಾ ನಾಳೆ ಬರೆಯೋಣ ಅಂದುಕೊಳ್ಳುತ್ತೇನೆ. ನಲವತ್ತು ವರ್ಷ ವಾರಕ್ಕೊಂದು ಕಾಗದ ಬರೆದು ಪತ್ರಿಕೆಗಳ ಸಂಪಾದಕರ ಜೀವ ತಿಂದವನು ಸ್ವಂತ ತಂಗಿಗೆ ಎರಡು ಹಾಳೆ ಬರೆಯಲು ಇಷ್ಟು ದಿನ ಮಾಡಿದೆನಲ್ಲ, ಏನು ಹೇಳಲಿ? ಬೈಯುವುದಾದರೆ ಬೈ. ನೀನು ಎಡಗೈ ಸೊಂಟದ ಮೇಲಿಟ್ಟು ಬಲಗೈಯಲ್ಲಿ ಬೈಯುವ ಆ ಭಂಗಿ ಕಣ್ಣೆದುರಿಗೇ ಇದೆ.

ನೀನು ಕೇಳಿದ್ದು ಒಂದೇ ಮಾತು. ನಿಮ್ಮ ಕಿವುಡರ ಸಂಘದವರು ಮುಂದಿನ ತಿಂಗಳ ಸಭೆಯಲ್ಲಿ ನಿನ್ನ ಬದುಕಿನ ಕಥೆಯನ್ನು ಹೇಳಲು ಕರೆದಿದ್ದಾರೆ. ನಿನ್ನ ಇಪ್ಪತ್ತೊಂದನೇ ವಯಸ್ಸಿನಲ್ಲಿ, ನಾನು ಕರಡು ತಿದ್ದುತ್ತಿದ್ದ ಅಚ್ಚುಕೂಟಕ್ಕೆ ನಿನಗೊಂದು ಕೆಲಸ ಕೇಳಲು ಹೋದೆವಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ ಎಂದಿದ್ದೀಯ. 'ಆ ದಿನ ಫೋರ್‌ಮನ್ ಏನೆಂದು ಹೇಳಿ ನನ್ನನ್ನು ಬೇಡವೆಂದ? ಅವನ ಮಾತು ಕಿವಿಯಿಂದ ಕೇಳಿದವನು ನೀನೊಬ್ಬನೇ. ಅವನ ಮಾತನ್ನೇ ಬರೆದು ಕಳಿಸು. ನಿನ್ನ ನೆನಪು ಗಟ್ಟಿ' ಎಂದು ಬರೆದಿದ್ದೀಯ. ಗಟ್ಟಿಯೇನೋ ಇದೆ. ಬರೆಯುತ್ತೇನೆ. ಅದಕ್ಕೆ ಮೊದಲು ಇಲ್ಲಿ ನಡೆದ ಒಂದು ವಿಷಯ ಹೇಳಬೇಕು. ಅದನ್ನು ಹೇಳದೆ ಆ ಮಾತಿಗೆ ಬರಲು ಕೈ ಏಳುತ್ತಿಲ್ಲ.

ನಿನ್ನ ಅತ್ತಿಗೆ ತೀರಿಕೊಂಡ ಮೇಲೆ ನಾನು ಹಂಚಿಕೆಯ ಕಾರ್ಯಾಗಾರವೊಂದಕ್ಕೆ ಸೇರಿಕೊಂಡದ್ದು ನಿನಗೆ ಗೊತ್ತು. ಹಳೆಯ ಗೋದಾಮು, ನಾವು ಶೆಡ್ಡು ಅನ್ನುತ್ತೇವೆ. ಯಂತ್ರಗಳು ಎಲ್ಲರಿಗೂ ಸೇರಿದ್ದು, ಮೇಜು ಮಾತ್ರ ಅವರವರದು. ಹದಿಮೂರು ಜನ ಸದಸ್ಯರು. ಕಾರ್ಯದರ್ಶಿ ಒಬ್ಬ ಬಡಗಿ. ನನ್ನ ಪಕ್ಕದ ಮೇಜು ಬೀಗ ರಿಪೇರಿಯವನದು, ಬಾಯಿಗೆ ಬೀಗವಿಲ್ಲದ ಮನುಷ್ಯ. ನಾನು ಮೂಲೆಯಲ್ಲಿ ಕೂತು ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕುತ್ತೇನೆ. ಸೂಚನಾ ಫಲಕದ ಮೇಲೆ ಯಾರು ಏನು ಬರೆದರೂ ಕೆಂಪು ಶಾಯಿಯಲ್ಲಿ ತಿದ್ದುತ್ತೇನೆಂದು ನನಗೆ 'ತಿದ್ದುಪಡಿ ಸಾರ್' ಎಂದು ಹೆಸರಿಟ್ಟಿದ್ದಾರೆ.

ಶೆಡ್ಡಿನಲ್ಲೊಂದು ಪದ್ಧತಿಯಿದೆ. ಯಾವುದೇ ಯಂತ್ರ ಚಾಲೂ ಮಾಡುವ ಮುಂಚೆ ಅಂಗೈಯಿಂದ ಮೇಜಿಗೆ ಎರಡು ಏಟು ಹೊಡೆದು 'ಶುರು' ಎಂದು ಕೂಗಬೇಕು. ಒಳಗಿರುವವರೆಲ್ಲ ಅವರವರ ಜಾಗದಿಂದ 'ಹೂಂ' ಅನ್ನಬೇಕು. ಎಲ್ಲರೂ ಹೂಂಗುಟ್ಟಿದ ಮೇಲೇ ಗುಂಡಿ ಒತ್ತುವುದು. ನಗಬೇಡ. ಮನೆಯಲ್ಲಿ ಇಡೀ ದಿನ ಬಾಯಿ ತೆರೆಯದವನಿಗೆ ದಿನಕ್ಕೆ ನಲವತ್ತು ಸಲ ಹೂಂ ಅನ್ನುವುದೂ ಒಂದು ಸಂಸಾರವೇ.

ನವೆಂಬರಿನಲ್ಲಿ ಹೊಸಬಳೊಬ್ಬಳು ಬಂದಳು. ನಲವತ್ತರ ಆಸುಪಾಸು, ಎರಡೂ ಕಣ್ಣು ಕಾಣುವುದಿಲ್ಲ. ಮರ ಕಡೆಯುವ ಕೆಲಸ. ಲೇತ್ ಯಂತ್ರದಲ್ಲಿ ಮರದ ತುಂಡು ಗಿರಗಿರ ತಿರುಗುತ್ತಿರುವಾಗ ಉಳಿ ಹಿಡಿದು ಉಳಿ, ಅರ, ಸುತ್ತಿಗೆಗಳಿಗೆ ಹಿಡಿ ಮಾಡುತ್ತಾಳೆ. ಯಂತ್ರ ನಿಂತ ಮೇಲೆ ಎರಡು ಬೆರಳು ಸವರಿ ಎಲ್ಲಿ ಒಂದು ಕೂದಲೆಳೆ ಉಬ್ಬಿದೆ ಎಂದು ಹೇಳುತ್ತಾಳೆ. ಅವಳ ಬಾಡಿಗೆ ಕೋಣೆ ಮೂರನೇ ಮಹಡಿಯಲ್ಲಿ, ಲೇತಿನ ಸದ್ದಿಗೆ ಅಕ್ಕಪಕ್ಕದವರು ತಕರಾರು ತೆಗೆದಿದ್ದರು. ಅದಕ್ಕೇ ಶೆಡ್ಡಿಗೆ ಅರ್ಜಿ ಹಾಕಿದ್ದಳು. ಜೊತೆಯಲ್ಲೊಂದು ಮಾರ್ಗದರ್ಶಿ ನಾಯಿ, ಬೂದು ಬಣ್ಣದ್ದು, ವಯಸ್ಸಾದದ್ದು. ಮೇಜಿನ ಕೆಳಗೆ ಮುಂಗಾಲು ಜೋಡಿಸಿ ಕೂತು ನಮ್ಮೆಲ್ಲರನ್ನೂ ಪರೀಕ್ಷೆಯಲ್ಲಿ ನಪಾಸಾದವರಂತೆ ನೋಡುತ್ತಿತ್ತು. ಬೀಗದವನು ಮೊದಲ ದಿನವೇ ಅದಕ್ಕೆ 'ಮೇಷ್ಟ್ರು' ಎಂದು ಹೆಸರಿಟ್ಟ.

ಸಮಿತಿ ಸಭೆ ಕರೆದರು. ಅಲ್ಲಿ ಆಡಿದ ಮಾತು ನೆನೆಸಿಕೊಂಡರೆ ಈಗಲೂ ರಕ್ತ ಕುದಿಯುತ್ತದೆ. "ನಾಯಿ ಕೂದ್ಲು ಹಸಿ ಪಾಲಿಶ್ ಮೇಲೆ ಕೂತ್ರೆ ಯಾರು ಹೊಣೆ?" ಎಂದ ಕಾರ್ಯದರ್ಶಿ. "ನಿನ್ ಗಡ್ಡದ ಕೂದ್ಲು ನನ್ ಬೀಗದೊಳಗೆ ಎಷ್ಟ್ ಸಲ ಸಿಕ್ಕಿಲ್ಲ? ನಿನ್ನೇನು ಹೊರಗೆ ಕಟ್ಟಿಹಾಕಿದ್ವಾ?" ಎಂದ ಬೀಗದವನು. ಎಲ್ಲರೂ ನಕ್ಕರು. ಆದರೆ ಕಾರ್ಯದರ್ಶಿ ನಗಲಿಲ್ಲ. "ತಮಾಷೆ ಬಿಡಿ. ಕಣ್ಣು ಕಾಣೋವ್ರೇ ಇಲ್ಲಿ ಬೆರಳು ಕಳ್ಕೊಂಡಿದಾರೆ. ನಾಳೆ ಈಯಮ್ಮಂಗೇನಾದ್ರೂ ಆದ್ರೆ?"

ಆಗ ನಾನು ಎದ್ದು ನಿಂತೆ. ಗುಬ್ಬಿ, ನಿನ್ನ ಅಣ್ಣ ಎದ್ದು ನಿಂತರೆ ಗೊತ್ತಲ್ಲ. ಮೂವತ್ತು ವರ್ಷದ ಹಿಂದೆ ಇದೇ ಊರಿನ ವಾಚನಾಲಯಕ್ಕೆ ಇಳಿಜಾರು ಬೇಕೆಂದು ಗಾಲಿಕುರ್ಚಿಯವರು ಕೇಳಿದ್ದಕ್ಕೆ ಇನ್ನೂ ಮೂರು ಮೆಟ್ಟಿಲು ಕಟ್ಟಿದ್ದನ್ನು ಹೇಳಿದೆ. ಆ ಮೆಟ್ಟಿಲು ಉದ್ಘಾಟಿಸಲು ಬಂದವರ ಭಾಷಣ ಎಷ್ಟು ಹೊತ್ತು ನಡೆಯಿತೆಂದೂ ಹೇಳಿದೆ. ಮಾರ್ಗದರ್ಶಿ ನಾಯಿ ಸಾಕುಪ್ರಾಣಿಯಲ್ಲ, ಅದನ್ನು ತಡೆಯುವಂತಿಲ್ಲ ಎಂಬ ಕಾನೂನನ್ನು ಕಲಮು ಸಮೇತ ಓದಿದೆ. ಕಣ್ಣಿಲ್ಲದವರು ಎಲ್ಲೆಲ್ಲಿ ಎಂತೆಂಥ ಯಂತ್ರ ನಡೆಸುತ್ತಿದ್ದಾರೆಂದು ಪುಸ್ತಕಗಳಲ್ಲಿ ಗುರುತು ಹಾಕಿಕೊಂಡು ಹೋಗಿದ್ದೆ. ಐವತ್ತು ನಿಮಿಷ ಮಾತಾಡಿದೆ. ಅವಳು ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದಳು. ನಡುವೆ ಎರಡು ಸಲ ಏನೋ ಹೇಳಲು ಬಾಯಿ ತೆರೆದಳು. ಎರಡು ಸಲವೂ ನಾನು, "ನೀವಿರಮ್ಮಾ, ನಾನು ಹೇಳ್ತೀನಿ" ಅಂದೆ.

ಮತ ಹಾಕಿದರು. ಒಂಬತ್ತು, ನಾಲ್ಕು. ಬೀಗದವನು ಬೆನ್ನು ತಟ್ಟಿ, "ಗೆದ್ದುಬಿಟ್ರಿ ತಿದ್ದುಪಡಿ ಸಾರ್" ಎಂದ. ನಾನು ಹೌದೆಂದುಕೊಂಡೆ. ಗೆಲ್ಲಬೇಕಾಗಿದ್ದವಳು ಆಗ ನಾಯಿಯ ಪಟ್ಟಿ ಸರಿಮಾಡುತ್ತಾ ಬಗ್ಗಿದ್ದಳು.

ಜನವರಿಯ ಮೊದಲ ವಾರದಿಂದ ಬರತೊಡಗಿದಳು. ಮೊದಲ ಹನ್ನೊಂದು ದಿನ ಒಂದು ತುಂಡು ಮರವನ್ನೂ ಕಡೆಯಲಿಲ್ಲ. ಬರುವುದು, ನಡೆಯುವುದು, ನಿಲ್ಲುವುದು. ಬಾಗಿಲಿಂದ ಒಂಬತ್ತು ಹೆಜ್ಜೆ, ಎಡಕ್ಕೆ ಎಣ್ಣೆ ವಾಸನೆಯ ಕೊರೆಯುವ ಯಂತ್ರ. ಅಲ್ಲಿಂದ ನಾಲ್ಕು ಹೆಜ್ಜೆ, ಬಲಗೆನ್ನೆಗೆ ಕಿಟಕಿಯ ಗಾಳಿ. ಮತ್ತೆ ಆರು ಹೆಜ್ಜೆಗೆ ಲೇತು. ನಾಯಿಗೂ ಹಾಗೇ ಹೇಳಿಕೊಟ್ಟಳು. "ಸಾರ್, ಎಲ್ಲಾರೂ ಹೂಂ ಅಂತೀರಲ್ಲ, ಅದೊಂದ್ ಸಲ ಕೇಳಿದ್ರೆ ಸಾಕು, ಯಾರು ಎಲ್ಲಿದಾರೆ, ಯಾರು ಬಂದಿಲ್ಲ, ಯಾರಿಗೆ ನೆಗಡಿ, ಎಲ್ಲಾ ಗೊತ್ತಾಗುತ್ತೆ" ಎಂದಳು. ನಾಯಿಯ ಪಟ್ಟಿ ಕಟ್ಟಿದ್ದಾಗ ಅದನ್ನು ಮುಟ್ಟಬಾರದು, ಮಾತಾಡಿಸಬಾರದು ಎಂದು ಎಲ್ಲರಿಗೂ ಹೇಳಿದ್ದಳು. ಬೀಗದವನು ಮುಟ್ಟುತ್ತಿರಲಿಲ್ಲ. ಆದರೆ ದೂರದಿಂದಲೇ, "ಹಾಜರ್ ಮೇಷ್ಟ್ರೇ" ಅನ್ನದೆ ಅವನಿಗೆ ಬೆಳಗಾಗುತ್ತಿರಲಿಲ್ಲ. ಅವಳು "ಮೇಷ್ಟ್ರು ನಿಮ್ಗೆ ಗೈರುಹಾಜರಿ ಹಾಕಿಯಾಯ್ತು" ಅನ್ನುತ್ತಿದ್ದಳು. ಎಷ್ಟೋ ವರ್ಷಗಳ ನಂತರ ಬೆಳಿಗ್ಗೆ ಎದ್ದು ಎಲ್ಲಿಗಾದರೂ ಹೋಗಬೇಕು ಅನ್ನಿಸುತ್ತಿತ್ತು ನನಗೆ.

ನಾನು ಅಷ್ಟಕ್ಕೇ ಸುಮ್ಮನಿರಬೇಕಿತ್ತು.

ಒಳಗೆ ಬಿಟ್ಟುಕೊಂಡರೆ ಸಾಲದು, ಸ್ವಾಗತವೂ ಇರಬೇಕು ಎಂದು ತಲೆಗೆ ಬಂತು. ಪುಸ್ತಕದಲ್ಲಿ ಓದಿದ್ದೆ: ದಾರಿ ಅಗಲವಾಗಿರಬೇಕು, ಕೆಲಸದ ಜಾಗ ಬಾಗಿಲಿಗೆ ಹತ್ತಿರವಿರಬೇಕು, ನೆಲದ ಮೇಲೆ ಉಬ್ಬುಪಟ್ಟಿ ಇರಬೇಕು. ಭಾನುವಾರ ಶೆಡ್ಡಿಗೆ ರಜೆ. ಬೀಗದವನನ್ನೂ ಇನ್ನಿಬ್ಬರನ್ನೂ ಕರೆದುಕೊಂಡು ಹೋದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ದುಡಿದೆವು. ಮೇಜುಗಳನ್ನೂ ಕೊರೆಯುವ ಯಂತ್ರವನ್ನೂ ಗೋಡೆಗೆ ಸರಿಸಿದೆವು. ಲೇತನ್ನು ಉರುಳುಗಂಬಗಳ ಮೇಲೆ ತಳ್ಳಿ ಬಾಗಿಲ ಪಕ್ಕಕ್ಕೆ ತಂದೆವು. ಅದರ ಹಳೆಯ ಜಾಗದಲ್ಲಿ ಸಾಣೆ ಯಂತ್ರ ನಿಲ್ಲಿಸಿದೆವು. "ಸಾರ್, ಆಯಮ್ಮನ್ನ ಒಂದ್ ಮಾತು ಕೇಳ್ಬಿಡೋಣ್ವಾ?" ಎಂದ ಬೀಗದವನು. "ಕೇಳಿದ್ರೆ ಬೇಡ ಅಂತಾಳೆ, ಸಂಕೋಚದವಳು. ಬೆಳಿಗ್ಗೆ ಬಂದು ಖುಷಿಪಡ್ಲಿ ಬಿಡಯ್ಯಾ" ಅಂದೆ. ಕೊನೆಯಲ್ಲಿ ಬಾಗಿಲಿಗೆ ಒಂದು ಫಲಕ ಬರೆದು ಹಾಕಿದೆ, ನೀಲಿ ಬಣ್ಣದಲ್ಲಿ, ದುಂಡಗೆ: 'ನಮ್ಮ ಹೊಸ ಸದಸ್ಯೆಗೆ ಹೃತ್ಪೂರ್ವಕ ಸ್ವಾಗತ'. ಒತ್ತಕ್ಷರ ಸರಿಯಿದೆಯೇ ಎಂದು ಎರಡು ಸಲ ನೋಡಿದೆ. ಅದನ್ನು ಓದಬೇಕಾದವಳು ಯಾರೆಂದು ಒಂದು ಸಲವೂ ಹೊಳೆಯಲಿಲ್ಲ.

ಸೋಮವಾರ ನಾವು ನಾಲ್ವರೂ ಬೇಗ ಹೋಗಿ ಸಾಲಾಗಿ ನಿಂತಿದ್ದೆವು. ಅವಳು ಬಂದಳು. ಫಲಕದ ಕೆಳಗೇ ಹಾದು ಬಂದಳು. ಒಂಬತ್ತು ಹೆಜ್ಜೆ ಇಟ್ಟಳು. ಎಡಗೈ ಚಾಚಿದಳು, ಅಲ್ಲಿ ಕೊರೆಯುವ ಯಂತ್ರವಿಲ್ಲ. ಅವಳ ಮುಖದಲ್ಲಿ ನಗುವಿತ್ತಲ್ಲ, ಅದು ಹಾಗೇ ನಿಂತುಬಿಟ್ಟಿತು. ನಾಯಿ ಕಲಿತ ದಾರಿಯಲ್ಲೇ ನಡೆಯಿತು. ಲೇತಿದ್ದ ಜಾಗಕ್ಕೆ ಎರಡು ಹೆಜ್ಜೆ ಇರುವಾಗ ಸಾಣೆ ಯಂತ್ರ ಕಂಡು ನಿಂತಿತು. "ಮುಂದೆ" ಎಂದಳು. ಅದು ಹೋಗಲಿಲ್ಲ. "ಮುಂದೆ ನಡಿ" ಎಂದಳು. ಅದು ತಿರುಗಿ ಅವಳ ಮೊಣಕಾಲಿಗೆ ಅಡ್ಡಲಾಗಿ ಗೋಡೆಯ ಹಾಗೆ ನಿಂತಿತು. ಒಡತಿಯ ಅಪ್ಪಣೆ ಮೀರಿಯಾದರೂ ಅಪಾಯದಿಂದ ತಡೆಯಬೇಕೆಂದೇ ಅದಕ್ಕೆ ಕಲಿಸಿರುತ್ತಾರೆ. ಆ ಶೆಡ್ಡಿನಲ್ಲಿ ಆ ಹೊತ್ತಿಗೆ ಬುದ್ಧಿ ನೆಟ್ಟಗಿದ್ದದ್ದು ಅದಕ್ಕೊಂದಕ್ಕೇ. ನಾನು ಏನು ಮಾಡಿದೆ ಗೊತ್ತೇ? "ಅಲ್ಲಲ್ಲ, ಈ ಕಡೆ ಬನ್ನಿ ಅಮ್ಮಾ" ಎಂದು ಓಡಿಹೋಗಿ ಅವಳ ತೋಳು ಹಿಡಿದು ಎಳೆದೆ. ಯಾರು ಎಳೆದರೆಂದು ತಿಳಿಯದೆ ಅವಳು ಬೆಚ್ಚಿದಳು. ಪಟ್ಟಿ ಕೈತಪ್ಪಿತು. ಕಾಲು ನಾಯಿಗೆ ತೊಡರಿ ಮುಂದಕ್ಕೆ ಬಿದ್ದಳು. ಆಸರೆಗೆಂದು ಚಾಚಿದ ಬಲಗೈ ಸಾಣೆ ಯಂತ್ರದ ತಗಡಿನ ಅಂಚಿಗೆ ಬಡಿಯಿತು. ಯಂತ್ರ ನಿಂತಿತ್ತು, ಪುಣ್ಯ. ಆದರೂ ಎರಡು ಬೆರಳ ತುದಿ ಸೀಳಿತು. ಅವೇ ಎರಡು ಬೆರಳು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದು ಬೆಂಚಿನ ಮೇಲೆ ಕೂತಾಗ ನಾನು ಪಕ್ಕದಲ್ಲಿ ಕೂತೆ. ಬೈಯಲಿ ಎಂದು ಕಾದೆ. ಅವಳು ದನಿ ಏರಿಸಲಿಲ್ಲ.

"ಇವುಗಳಿಂದ್ಲೇ ಸಾರ್ ನಾನು ನೋಡೋದು" ಎಂದಳು.

"ನಿಮ್ಮ ಒಳ್ಳೇದಕ್ಕೆ ಅಂತಲೇ ಮಾಡಿದ್ದಮ್ಮಾ."

"ಗೊತ್ತು. ನೀವು ಕಾನೂನು ಕೇಳಿದ್ರಿ, ಸಮಿತಿ ಕೇಳಿದ್ರಿ, ಪುಸ್ತಕ ಕೇಳಿದ್ರಿ. ನಾನು ಅಲ್ಲೇ ಬಾಗಿಲ ಹತ್ರ ಕೂತಿದ್ದೆ ಸಾರ್. ನನ್ನೊಬ್ಬಳನ್ನ ಕೇಳ್ಲಿಲ್ಲ."

 

ಅದೇ ವಾರ ನಿನ್ನ ಕಾಗದ ಬಂತು. ಅಂದಿನಿಂದ ನಾನು ಶೆಡ್ಡಿಗೆ ಹೋಗಿಲ್ಲ. ಅವಳು ಮೂರು ವಾರಕ್ಕೆ ಮರಳಿ ಬಂದಳಂತೆ. ಕಾರ್ಯದರ್ಶಿ, ಆ ಗಡ್ಡದವನೇ, ಅವಳನ್ನು ನಡುವೆ ನಿಲ್ಲಿಸಿ, "ಹೇಳಮ್ಮಾ, ಯಾವುದು ಎಲ್ಲಿರ್ಬೇಕು" ಎಂದು ಒಂದೊಂದನ್ನೂ ಕೇಳಿ ಕೇಳಿ ಹಳೆಯ ಜಾಗಕ್ಕೆ ಇಡಿಸಿದನಂತೆ. ನಾಯಿಗೆ ಹಾಸಲು ತನ್ನ ಹಳೆಯ ಕೋಟು ಕೊಟ್ಟಿದ್ದಾನಂತೆ. ಸಭೆಯಲ್ಲಿ ನಾನು ಯಾರನ್ನು ಕಲ್ಲುಮನಸ್ಸಿನವನೆಂದು ಕರೆದೆನೋ ಅವನು! ಅವನಿಗೆ ನನ್ನಷ್ಟು ಓದು ಇಲ್ಲ. ಅವಳಿಗೇನಾದರೂ ಆದರೆ ಎಂದು ಹೆದರಿದ್ದ, ಅಷ್ಟೇ. ಹೆದರಿದವನು ಕೇಳುತ್ತಾನೆ. ನನಗೆ ಹೆದರಿಕೆಯೇ ಇರಲಿಲ್ಲ.

ಕಳೆದ ವಾರ ಕಾರ್ಯದರ್ಶಿಯೇ ಮನೆಗೆ ಬಂದಿದ್ದ. ಮೆಟ್ಟಿಲು ಹತ್ತಿ ಬಂದು ಏದುಸಿರು ಬಿಡುತ್ತಾ ಕೂತ. ಎಷ್ಟೋ ತಿಂಗಳ ಮೇಲೆ ಈ ಮನೆಯ ಎರಡನೇ ಕುರ್ಚಿಯಲ್ಲಿ ಒಬ್ಬರು ಕೂತದ್ದು. ಅದರ ಮೇಲಿದ್ದ ಹಳೆಯ ಪತ್ರಿಕೆಗಳನ್ನು ಎತ್ತಿಡುವುದಕ್ಕೇ ನನಗೆ ಐದು ನಿಮಿಷ ಹಿಡಿಯಿತು. "ಏನ್ ಸಾರ್ ಇದು, ಚಿಕ್ಕ ಮಕ್ಳ ಥರ ಮುನಿಸ್ಕೊಂಡು ಕೂತಿದೀರಿ?" ಎಂದ. "ಮುನಿಸಲ್ಲ" ಅಂದೆ. "ಮತ್ತೆ?" ಎಂದ. ನಾನು ಕಾಫಿ ಮಾಡಲು ಎದ್ದೆ. ಹೋಗುವಾಗ ಬಾಗಿಲಲ್ಲಿ ನಿಂತು, "ಆಯಮ್ಮ ಹೇಳ್ ಕಳ್ಸಿದಾಳೆ. ಬರೋಹಾಗಿದ್ರೆ ಬರ್ಲಿ, ಅವರ ಪುಸ್ತಕ ಅವರು ಹೊಲ್ಕೊಳ್ಲಿ, ನನ್ ಮರ ನಾನ್ ಕಡ್ಕೋತೀನಿ ಅಂದ್ಲು" ಎಂದ. ಬೆರಳು ಹೇಗಿದೆ ಎಂದು ಕೇಳಿದೆ. ತೋರುಬೆರಳ ತುದಿಗೆ ಸ್ಪರ್ಶ ಇನ್ನೂ ಪೂರ್ತಿ ಬಂದಿಲ್ಲವಂತೆ. ಎಡಗೈ ಬೆರಳುಗಳಿಗೆ ಕಲಿಸಿಕೊಳ್ಳುತ್ತಿದ್ದಾಳಂತೆ.

ಇಲ್ಲಿ ಮನೆಯಲ್ಲಿ ಬೆಳಿಗ್ಗೆ ಎದುರು ಕಟ್ಟಡದವರು ಕಿಟಕಿ ತೆರೆಯುವ ಸದ್ದಿನಿಂದ ಸಂಜೆ ಅವರು ಮುಚ್ಚುವ ಸದ್ದಿನವರೆಗೆ ನಡುವೆ ಏನೂ ಇಲ್ಲ. ಮೊನ್ನೆ ಅಡುಗೆಮನೆಯಲ್ಲಿ ಲೋಟ ಬಿದ್ದಾಗ 'ಅಯ್ಯೋ' ಎಂದೆ, ನನ್ನ ದನಿಗೆ ನಾನೇ ಬೆಚ್ಚಿದೆ. ನಿಂತುಕೊಂಡೇ ಉಂಡು ತಟ್ಟೆ ತೊಳೆಯುತ್ತೇನೆ. ಇದನ್ನೆಲ್ಲ ನೀನು ಮರುಗಲೆಂದು ಬರೆಯುತ್ತಿಲ್ಲ. ಸುತ್ತ ಸದ್ದಿಲ್ಲದೆ ಬದುಕುವುದು ಏನೆಂದು ನಿನ್ನ ಬಗ್ಗೆ ನಾನು ಎಷ್ಟೆಲ್ಲ ಬರೆದಿದ್ದೇನೆ, ಎಷ್ಟೊಂದು ಕಡೆ. ಅದರಲ್ಲಿ ಒಂದಾದರೂ ಸರಿಯಿತ್ತೇ ಎಂದು ನಿನ್ನನ್ನು ಕೇಳಿದ ನೆನಪಿಲ್ಲ.

ನಿನ್ನ ಯಜಮಾನರ ಮಂಡಿನೋವು ಹೇಗಿದೆ? ಮಗಳಿಗೆ ಬಡ್ತಿ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಸಭೆಯ ದಿನ ಆ ನೇರಳೆ ಬಣ್ಣದ ಶಾಲು ಹೊದ್ದುಕೊ, ನಿನ್ನ ಕೈಗಳು ಅದರ ಎದುರು ಚೆನ್ನಾಗಿ ಕಾಣುತ್ತವೆ. ಸಭೆ ನಿನ್ನ ಕೈ ಬಿಟ್ಟು ಬೇರೆ ಕಡೆ ನೋಡದಿರಲಿ. ನಿನ್ನ ಮನೆ ತುಂಬಿರಲಿ. ನನಗಿಂತ ಹೆಚ್ಚು ವರ್ಷ, ನನಗಿಂತ ಹೆಚ್ಚು ಜನರ ನಡುವೆ ಬಾಳು.

ನಿನ್ನ
ಅಣ್ಣ

ಪುನಶ್ಚ: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ನೀನು ಕೇಳಿದ್ದಕ್ಕೆ ಉತ್ತರ ಬರೆಯದೆಯೇ ಸಹಿ ಹಾಕಿದ್ದೆ.

ಫೋರ್‌ಮನ್ ನಿನ್ನನ್ನು ಬೇಡ ಅನ್ನಲಿಲ್ಲ. ಅವನ ಮಾತು ಇಷ್ಟು: "ಎರಡನೇ ಯಂತ್ರಕ್ಕೆ ಹಾಕೋಣ. ಬೆಲ್ಟು ಜಾರಿದ್ರೆ ಗೊತ್ತಾಗುತ್ತಾ ಅಂತ ನಿನ್ ತಂಗೀನ ಒಂದ್ ಮಾತು ಕೇಳಯ್ಯಾ." ನಾನು ನಿನ್ನನ್ನು ಕೈಯಲ್ಲಿ ಕೇಳಿದೆ. ನೀನು ಚಪ್ಪಲಿ ಬಿಟ್ಟು ಬರಿಗಾಲನ್ನು ನೆಲಕ್ಕೆ ಒತ್ತಿ, ಅಂಗೈಯನ್ನು ಎದೆಗೆ ಇಟ್ಟುಕೊಂಡು ಹೇಳಿದೆ: ನೆಲ ಹೇಳುತ್ತದೆ, ಹದಿನೈದು ದಿನ ಕೊಡಲಿ. ನಾನು ಅವನ ಕಡೆ ತಿರುಗಿ, "ಭಯವಂತೆ ಸಾರ್, ಬೇಡವಂತೆ" ಅಂದೆ. ಆಮೇಲೆ ನಿನ್ನ ಕಡೆ ತಿರುಗಿ, ಕಿವುಡರು ಬೇಡವಂತೆ ಎಂದು ಕೈಯಲ್ಲಿ ಹೇಳಿದೆ.

ಬೆಲ್ಟಿನ ಅಪಾಯಕ್ಕೆ ಹೆದರಿ ಹಾಗೆ ಮಾಡಿದೆ ಎಂದು ನಲವತ್ತೊಂದು ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಕರಡು ತಿದ್ದುವ ಮೇಜಿನ ಗೆಳೆಯರೆಲ್ಲ ಗಾಜಿನ ಆಚೆಯಿಂದ ನೋಡುತ್ತಿದ್ದರು. ದಿನಾ ಅವರ ಮುಂದೆ ನಿನ್ನ ಜೊತೆ ಕೈ ಆಡಿಸಬೇಕಲ್ಲ ಎಂದು ನಾಚಿಕೆಯಾಯಿತು. ಅಷ್ಟೇ ಕಾರಣ. ಆಮೇಲೆ ಕಿವುಡಿಗೆ ಕೆಲಸ ಕೊಡದ ಅಚ್ಚುಕೂಟವೊಂದರ ಬಗ್ಗೆ, ಹೆಸರು ಹೇಳದೆ, ಮೂರು ಸಲ ಪತ್ರಿಕೆಗೆ ಬರೆದೆ. ನೀನು ಅವುಗಳನ್ನು ಕತ್ತರಿಸಿ ಇಟ್ಟುಕೊಂಡೆ. ಫೋರ್‌ಮನ್ ರಸ್ತೆಯಲ್ಲಿ ಎದುರಾದಾಗ ನೀನು ಮುಖ ತಿರುಗಿಸಿದೆ. "ನಿನ್ ತಂಗಿಗೆ ನನ್ ಮೇಲೆ ಏನಯ್ಯಾ ಕೋಪ?" ಎಂದು ಅವನು ಸಾಯುವ ಹಿಂದಿನ ವರ್ಷವೂ ಕೇಳಿದ್ದ.

ಆ ದಿನ ಅವನು ನನ್ನನ್ನು ಎರಡನೇ ಸಲವೂ ಕೇಳಿದ: "ಸರಿಯಾಗಿ ಕೇಳಿದ್ಯಾ?" ನಾನು "ಕೇಳಿದೆ ಸಾರ್" ಅಂದೆ.

ಇದನ್ನು ಸಭೆಯಲ್ಲಿ ನಿನಗೆ ಹೇಗೆ ಬೇಕೋ ಹಾಗೆ ಹೇಳು, ಅಥವಾ ಹೇಳಬೇಡ. ನಾನು ಬರಬಹುದೇ ಎಂದು ಬರೆದು ತಿಳಿಸು. ಬಾ ಎಂದರೆ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ನಿನ್ನ ಕೈಮಾತನ್ನು ಕಿವಿ ಕೇಳುವವರಿಗೆ ಬಾಯಲ್ಲಿ ಹೇಳಲು ಬೇರೆ ಯಾರನ್ನಾದರೂ ಇಟ್ಟುಕೊ.